ಬಿಟ್ಟಷ್ಟೂ ನೂಡಲ್ ಮನೆಗೆ ತನ್ನಿ

ಟೆಕ್ಸಾಸ್‌ನ ಪ್ಲೇನೊ, ಫ್ರಿಸ್ಕೊ, ಅಲೆನ್, ಮೆಕಿನ್ನಿ ಕಡೆ ಇರುವ ಕನ್ನಡದ ಬಂಧುಗಳಲ್ಲಿ, ಅದರಲ್ಲೂ ಶನಿವಾರ ಬೆಳಗಿನ ಜಾವ ಟ್ರಕ್ಕಿನ ಹಿಂದೆ ದೋಣಿ ಕಟ್ಟಿಕೊಂಡು ಲವಾನ್ ಕೆರೆಗೆ ಹೊರಡುವವರಲ್ಲಿ ನನ್ನದೊಂದು ಮನವಿ. ನೀರಿಗೆ ಹತ್ತು ನೂಡಲ್ ಬಿಟ್ಟರೆ ಹತ್ತನ್ನೂ ವಾಪಸು ತನ್ನಿ. ಒಂಬತ್ತು ಸಿಕ್ಕಿತಲ್ಲ, ಇನ್ನೊಂದು ಹಾಳಾಗಿ ಹೋಗಲಿ ಎಂದು ದೋಣಿ ತಿರುಗಿಸಬೇಡಿ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಇದು ತಿನ್ನುವ ನೂಡಲ್ ಅಲ್ಲ. ಈಜುಕೊಳದಲ್ಲಿ ಮಕ್ಕಳು ಕಂಕುಳಿಗೆ ಸಿಕ್ಕಿಸಿಕೊಂಡು ತೇಲುತ್ತವಲ್ಲ, ಆ ಬಣ್ಣಬಣ್ಣದ ಫೋಮ್ ಕೋಲು. ಊರಲ್ಲಿ ಈಜು ಕಲಿಸಲು ಬಾವಿಗೆ ಇಳಿಸುವ ಮುಂಚೆ ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು, ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಇದು ಅದರದೇ ಅಮೆರಿಕದ ತಮ್ಮ. ಗಾಳದ ದಾರಕ್ಕೆ ಕಟ್ಟುವುದನ್ನೂ ನಾವು ಬೆಂಡು ಅಂತಲೇ ಕರೆದದ್ದು, ಹಾಗಾಗಿ ಈಜಿನ ಬೆಂಡು ಗಾಳದ ಬೆಂಡಾದದ್ದು ನನಗಂತೂ ಹೊಸದೆನಿಸಲಿಲ್ಲ. ಇಲ್ಲಿ ಮೊದಲು ಹಾಲಿನದೋ ಬ್ಲೀಚಿನದೋ ಖಾಲಿ ಪ್ಲಾಸ್ಟಿಕ್ ಜಗ್ಗಿಗೆ ಮುಚ್ಚಳ ಬಿಗಿದು, ಹಿಡಿಗೆ ದಾರ ಕಟ್ಟಿ, ಕೊಕ್ಕೆಗೆ ಎರೆ ಸಿಕ್ಕಿಸಿ ಕೆರೆಗೆ ಬಿಡುತ್ತಿದ್ದರು. ಅದಕ್ಕೇ ಇವತ್ತಿಗೂ ಹೆಸರು ಜಗ್ ಫಿಶಿಂಗ್. ಹತ್ತು ಜಗ್ಗು ತುಂಬಿದರೆ ಸಣ್ಣ ದೋಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೂಡಲಿನ ಹತ್ತು ತುಂಡುಗಳಾದರೆ ಒಂದೇ ಬಕೆಟ್ಟಿನಲ್ಲಿ ನಿಂತುಕೊಳ್ಳುತ್ತವೆ.

ಹಿಡಿಯುವುದು ಕ್ಯಾಟ್‌ಫಿಶ್, ಮೀಸೆ ಮೀನು. ಹೆಸರು ಕೇಳಿದೊಡನೆ ಮೂಗು ಮುರಿಯುವ ನೆಂಟರು ನಿಮಗೂ ಇರಬಹುದು. ಊರಲ್ಲಿ ಕ್ಯಾಟ್‌ಫಿಶ್ ಎಂದರೆ ಕೊಳಚೆ ಹೊಂಡದಲ್ಲಿ ಕದ್ದು ಸಾಕುವ, ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಜಾತಿಯೇ ಅವರ ಕಣ್ಣಮುಂದೆ ಬರುತ್ತದೆ. ಇಲ್ಲಿನ ಬ್ಲೂ ಮತ್ತು ಚಾನಲ್ ಕ್ಯಾಟ್‌ಫಿಶ್ ಬೇರೆಯೇ ಜಾತಿ, ಈ ನೆಲದ್ದೇ ಮೀನು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು ತಿನ್ನುವುದು ಇಲ್ಲಿಯವರ ರೂಢಿ. ನಮ್ಮನೆಯಲ್ಲಿ ಹುಣಸೆಹುಳಿ ಹಾಕಿ ಸಾರು ಮಾಡುತ್ತೇವೆ, ಅದರ ಮುಂದೆ ಆ ಕರಿದದ್ದು ಏನೇನೂ ಅಲ್ಲ. ಇರಲಿ.

ಮನವಿ ಮಾಡಲು ನನಗೇನು ಹಕ್ಕು ಎಂದು ಕೇಳಬಹುದು. ಮೂರು ನೂಡಲ್ ಕಳೆದವನು ನಾನು, ಅದೇ ನನ್ನ ಹಕ್ಕು.

ಮೊದಲ ಸಲ ಮಾಡಿದಾಗ ಅಂಗಡಿಯಿಂದ ಎರಡು ನೂಡಲ್ ತಂದು ಗ್ಯಾರೇಜಿನಲ್ಲಿ ಬ್ರೆಡ್ ಚಾಕುವಿನಿಂದ ಕೊಯ್ದೆ, ಹತ್ತು ತುಂಡಾಯಿತು. ಒಂದೊಂದೂ ಗೇಣಿಗಿಂತ ತುಸು ಉದ್ದ. ಹೆಚ್ಚು ತುಂಡು ಬಂತೆಂದು ಖುಷಿಪಟ್ಟದ್ದೇ ತಪ್ಪು. ಆಮೇಲೆ ಲೆಕ್ಕ ಹಾಕಿ ನೋಡಿದೆ: ಎರಡೂವರೆ ಇಂಚು ದಪ್ಪದ ನೂಡಲಿನ ಒಂದಡಿ ತುಂಡು ನೀರಿನಲ್ಲಿ ಹೊರುವುದು ಒಂದು ಕೇಜಿಗಿಂತ ಕಡಿಮೆ. ತೂಕಕ್ಕೆ ಕಟ್ಟಿದ ಕಲ್ಲೇ ಅರ್ಧ ಕೇಜಿ. ಉಳಿದರ್ಧ ಕೇಜಿಯ ಬಲದಲ್ಲಿ ಅದು ಮೀನನ್ನು ತಡೆಯಬೇಕು. ಇಲ್ಲಿಂದ ಉತ್ತರಕ್ಕಿರುವ ಟೆಕ್ಸೋಮ ಕೆರೆಯಲ್ಲಿ 2004ರ ಜನವರಿಯಲ್ಲಿ ಸಿಕ್ಕ ಬ್ಲೂ ಕ್ಯಾಟ್‌ಫಿಶ್ 121.5 ಪೌಂಡ್ ತೂಗಿತ್ತು, ಅಂದರೆ 55 ಕೇಜಿ. ಅದಕ್ಕೆ ಸ್ಪ್ಲ್ಯಾಷ್ ಎಂದು ಹೆಸರಿಟ್ಟು ಟೆಕ್ಸಾಸ್‌ನದೇ ಏಥೆನ್ಸ್ ಊರಿನ ಮೀನು ಕೇಂದ್ರದ ತೊಟ್ಟಿಯಲ್ಲಿ ಸಾಕಿದ್ದರು. ಅಂಥದ್ದು ನಮ್ಮ ಗಾಳಕ್ಕೆ ಬೀಳುವುದಿಲ್ಲ ಬಿಡಿ. ಆದರೆ ಏಳೆಂಟು ಕೇಜಿಯ ಮೀನು ಬಿದ್ದರೂ ಗೇಣುದ್ದದ ಫೋಮನ್ನು ನೀರೊಳಕ್ಕೆ ಎಳೆದುಕೊಂಡು ಹೋಗಿ, ಮುಳುಗಿದ ಮರದ ಬೊಡ್ಡೆಗೆ ಸುತ್ತಿಬಿಡುತ್ತದೆ. ನಾವು ಮೇಲೆ ದೋಣಿಯಲ್ಲಿ ಕೂತು ದಿಕ್ಕು ದಿಕ್ಕು ನೋಡುತ್ತಿರುತ್ತೇವೆ.

ಆ ದಿನ ತೆಂಕಣ ಗಾಳಿ ಬೇರೆ ಜೋರಾಯಿತು. ಲವಾನ್ 21 ಸಾವಿರ ಎಕರೆಗೂ ಮಿಕ್ಕಿದ ನೀರು, ವಸಂತದ ಗಾಳಿ ಬೀಸಿದರೆ ಕೆರೆ ಹೋಗಿ ಸಮುದ್ರವಾಗುತ್ತದೆ. ನನ್ನ ದಾರ ಗಿಡ್ಡವಾಗಿತ್ತು, ಕಲ್ಲು ತಳ ಮುಟ್ಟದೆ ನೂಡಲ್‌ಗಳು ಬಾತುಕೋಳಿ ಮರಿಗಳ ಹಾಗೆ ಸಾಲಾಗಿ ಹೊರಟವು. ಕತ್ತಲಾಗುವ ಹೊತ್ತಿಗೆ ಏಳು ಸಿಕ್ಕವು. ಒಂದರಲ್ಲೂ ನನ್ನ ಹೆಸರಿರಲಿಲ್ಲ. ಅದು ಅಪರಾಧ ಎಂದು ಗೊತ್ತಾದದ್ದು ಆಮೇಲೆ.

ಎರಡು ವಾರದ ನಂತರ ಒಂದು ಹಿನ್ನೀರಿನ ಮೂಲೆಯಲ್ಲಿ ಒಂದು ಗುಲಾಬಿ ನೂಡಲ್ ಜೊಂಡಿಗೆ ಸಿಕ್ಕಿಕೊಂಡದ್ದು ಕಂಡಿತು. ಅದು ನನ್ನದಲ್ಲ, ಯಾರದೆಂದು ಹೇಳಲು ಅದರ ಮೇಲೆ ಏನೂ ಬರೆದಿರಲಿಲ್ಲ. ಬಿಸಿಲಿಗೆ ಬಣ್ಣ ಬಿಳಿಚಿ, ದಾರ ಬಿಗಿದ ಕಡೆ ಫೋಮ್ ಸೀಳಿ ಹೋಗಿತ್ತು. ಬೆರಳಲ್ಲಿ ಒತ್ತಿದರೆ ಮಂಡಕ್ಕಿಯಂತೆ ಪುಡಿ ಪುಡಿ. ದಾರ ಎಳೆದೆ. ಮೊದಲ ಕೊಕ್ಕೆ ಖಾಲಿ. ಎರಡನೆಯದರಲ್ಲಿ ಕೈಯಗಲದ ಒಂದು ಆಮೆ. ಕೊಕ್ಕೆ ಬಾಯಲ್ಲಿತ್ತು, ದಾರ ಮುಂಗಾಲಿಗೆ ಎರಡು ಸುತ್ತು ಸುತ್ತಿತ್ತು. ಆಮೆಗೆ ಉಸಿರಾಡಲು ಮೇಲೆ ಬರಲೇಬೇಕು, ಅದಕ್ಕೆ ಮೇಲೆ ಬರಲಾಗಿಲ್ಲ. ಮಗಳು ಜೊತೆಯಲ್ಲಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ನಮ್ಮ ಮೂರು ಎಲ್ಲಿವೆ?”

ಯಜಮಾನ ಮನೆಗೆ ಹೋಗಿ ಮಲಗಿದರೂ ಕೊಕ್ಕೆಗೆ ರಜೆಯಿಲ್ಲ. ಎರೆ ಇರುವವರೆಗೆ ಅದು ಹಿಡಿಯುತ್ತದೆ, ಸತ್ತ ಮೀನೇ ಮುಂದಿನದಕ್ಕೆ ಎರೆಯಾಗುತ್ತದೆ, ಅದನ್ನು ಕುಕ್ಕಲು ಬಂದ ಕೊಕ್ಕರೆಯೂ ಸಿಕ್ಕಿಬೀಳಬಹುದು. ಕೊನೆಗೆ ಉಳಿಯುವ ನೈಲಾನ್ ದಾರ ಯಾರದೋ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಹಾಗಾಗಿ ನೂಡಲ್ ಮಾಡುವಾಗಲೇ, ಇದು ಕಳೆದುಹೋಗಬಾರದು ಎಂದುಕೊಂಡು ಮಾಡಿ. ಮೀನು ಹಿಡಿಯುವುದು ಆಮೇಲಿನ ಮಾತು. ನಾನೀಗ ಒಂದು ನೂಡಲನ್ನು ಮೂರೇ ತುಂಡು ಮಾಡುತ್ತೇನೆ, ಒಂದೂವರೆ ಅಡಿಯದ್ದು. ನಡುವಿನ ತೂತಿಗೆ ಅರ್ಧ ಇಂಚಿನ ಪಿವಿಸಿ ಪೈಪು ತೂರಿಸುತ್ತೇನೆ. ತೂತು ಪೈಪಿಗಿಂತ ತುಸು ಕಿರಿದು, ಪಾತ್ರೆ ತೊಳೆಯುವ ಸೋಪು ಸವರಿ ತಿರುಚಿದರೆ ಹೋಗುತ್ತದೆ, ಒಮ್ಮೆ ಹೋದದ್ದು ಹೊರಗೆ ಬರುವುದಿಲ್ಲ. ಪೈಪು ಎರಡೂ ಕಡೆ ಮೂರು ನಾಲ್ಕು ಬೆರಳು ಚಾಚಿರಲಿ. ಮುಚ್ಚಳ ಅಂಟಿಸುವ ಮುಂಚೆ ಒಳಕ್ಕೊಂದು ಕಬ್ಬಿಣದ ಬೋಲ್ಟು ಹಾಕಿ, ಅದು ಪೈಪಿನೊಳಗೆ ಸಲೀಸಾಗಿ ಜಾರುವಂತಿರಬೇಕು. ಇಡೀ ಕಸುಬಿನಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಇದೇ. ನೀರಿಗೆ ಬಿಡುವಾಗ ಬೋಲ್ಟು ದಾರ ಕಟ್ಟದ ತುದಿಯಲ್ಲಿರುತ್ತದೆ, ನೂಡಲ್ ಅಡ್ಡಡ್ಡ ಮಲಗಿರುತ್ತದೆ. ಮೀನು ಜಗ್ಗಿದಾಗ ದಾರದ ತುದಿ ಕೆಳಗಾಗುತ್ತದೆ, ಬೋಲ್ಟು ಟಕ್ ಎಂದು ಅಲ್ಲಿಗೆ ಜಾರುತ್ತದೆ, ನೂಡಲ್ ಎದ್ದು ನಿಲ್ಲುತ್ತದೆ. ಮೀನು ಎಳೆಯುವುದನ್ನು ನಿಲ್ಲಿಸಿದರೂ ಅದು ಮಲಗುವುದಿಲ್ಲ. ದೂರದಿಂದ ನೋಡಿದರೆ ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗ ಎದ್ದು ನಿಂತ ಹಾಗೆ. ಮೇಲೇಳುವ ತುದಿಗೆ ಹೊಳೆಯುವ ರಿಫ್ಲೆಕ್ಟರ್ ಟೇಪು ಎರಡು ಸುತ್ತು ಸುತ್ತಿ. ಟಾರ್ಚು ಬಿಟ್ಟರೆ ರಾತ್ರಿಯೂ ಬೆಕ್ಕಿನ ಕಣ್ಣಿನಂತೆ ಕಾಣುತ್ತದೆ. ನನ್ನ ಮೂರರಲ್ಲಿ ಒಂದಕ್ಕಾದರೂ ಈ ಟೇಪು ಇದ್ದಿದ್ದರೆ ಅವತ್ತೇ ಸಿಗುತ್ತಿತ್ತು.

ದಾರವನ್ನು ಫೋಮಿಗೆ ಕಟ್ಟಬೇಡಿ, ಅದು ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಪೈಪಿಗೆ ತೂತು ಕೊರೆದು ಅಲ್ಲಿಗೆ ಕಟ್ಟಿ. ಕಪ್ಪು ಟಾರು ಹಚ್ಚಿದ ಹೆಣೆದ ನೈಲಾನ್ ದಾರ ಸಿಗುತ್ತದೆ, ಗಂಟು ಜಾರುವುದಿಲ್ಲ, ಸುಲಭಕ್ಕೆ ಸಿಕ್ಕುಗಟ್ಟುವುದಿಲ್ಲ. ಕೆರೆಯ ಆಳಕ್ಕಿಂತ ಸ್ವಲ್ಪ ಹೆಚ್ಚೇ ಉದ್ದ ಇರಲಿ, ಕಲ್ಲು ತಳದಲ್ಲಿ ಕೂರಲಿ. ಉಳಿದದ್ದನ್ನು ನೂಡಲಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೊಕ್ಕೆ ಸರ್ಕಲ್ ಹುಕ್ಕೇ ಆಗಿರಲಿ, ತುದಿ ಒಳಕ್ಕೆ ಬಾಗಿದ್ದು. ಸಾಮಾನ್ಯವಾಗಿ ಅದು ಬಾಯಿಯ ಮೂಲೆಯಲ್ಲಿ ಸಿಕ್ಕುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಸಣ್ಣದು ಸಿಕ್ಕರೆ ಜೀವಂತ ಬಿಡಬಹುದು. ಎರೆಗೆ ಶ್ಯಾಡ್ ಮೀನಿನ ತುಂಡು ಬಿಟ್ಟು ಬೇರೆ ಬೇಕಿಲ್ಲ. ಇಲ್ಲಿಯ ಹಳಬರು ಕೆಲವರು ಬಟ್ಟೆ ಸೋಪಿನ ತುಂಡು ಸಿಕ್ಕಿಸುತ್ತಾರೆ, ಮೀನು ಅದಕ್ಕೂ ಬರುತ್ತದೆ. ನಗಬೇಡಿ, ಆ ಸೋಪಿನಲ್ಲಿರುವುದು ಪ್ರಾಣಿಯ ಕೊಬ್ಬು.

ಇನ್ನು ಹೆಸರು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ನಿಯಮದಲ್ಲಿ ಪ್ರತಿ ಜಗ್ಗಿಗೂ, ಅಂದರೆ ನಮ್ಮ ನೂಡಲಿಗೂ, ಒಂದು ಗೇರ್ ಟ್ಯಾಗ್ ಇರಲೇಬೇಕು. ಅದರಲ್ಲಿ ನಿಮ್ಮ ಹೆಸರು ವಿಳಾಸ, ಇಲ್ಲವೇ ಲೈಸೆನ್ಸಿನ ಮೇಲಿರುವ ಗ್ರಾಹಕ ಸಂಖ್ಯೆ, ಜೊತೆಗೆ ನೀರಿಗೆ ಬಿಟ್ಟ ತಾರೀಖು. ಬೆಂಡಿನಿಂದ 6 ಇಂಚಿನೊಳಗೆ ಅದನ್ನು ಕಟ್ಟಿರಬೇಕು. ಆ ಟ್ಯಾಗಿನ ಆಯಸ್ಸು ಕೆಲವೇ ದಿನ, ಅಷ್ಟರೊಳಗೆ ಎತ್ತಿಕೊಳ್ಳಬೇಕು ಇಲ್ಲವೇ ತಾರೀಖು ಬದಲಿಸಬೇಕು. ಒಂದು ಜಗ್ಗಿಗೆ ಐದಕ್ಕಿಂತ ಹೆಚ್ಚು ಕೊಕ್ಕೆ ಕೂಡದು. ಕಿತ್ತಳೆ ಬಣ್ಣದ ಬೆಂಡು ವ್ಯಾಪಾರಕ್ಕೆ ಹಿಡಿಯುವವರದ್ದು, ನಮಗಲ್ಲ. ಅಂಗಡಿಯಲ್ಲಿ ಆ ಬಣ್ಣ ಅಗ್ಗಕ್ಕಿದ್ದರೂ ತರಬೇಡಿ. ಊರೊಳಗಿನ ಸಣ್ಣ ಕಮ್ಯುನಿಟಿ ಕೆರೆಗಳಲ್ಲಿ, ಪೂರ್ತಿ ಸ್ಟೇಟ್ ಪಾರ್ಕಿನೊಳಗೇ ಇರುವ ಕೆರೆಗಳಲ್ಲಿ ಗಾಳದ ಕೋಲು ಮಾತ್ರ, ಜಗ್ಗು ಬಿಡುವಂತೆಯೇ ಇಲ್ಲ. ಟೆಕ್ಸೋಮ ಒಕ್ಲಹೋಮ ರಾಜ್ಯದ ಜೊತೆ ಹಂಚಿಕೊಂಡ ಕೆರೆ, ಅಲ್ಲಿನ ನಿಯಮ ಪ್ರತ್ಯೇಕ. ಲೈಸೆನ್ಸಿನ ವರ್ಷ ಸೆಪ್ಟೆಂಬರ್ 1ಕ್ಕೆ ಹೊಸದಾಗುತ್ತದೆ, ನಿಯಮಗಳೂ ಆಗಲೇ ಬದಲಾಗುವುದುಂಟು. ಹೋದ ವರ್ಷ ಸ್ನೇಹಿತರು ಹೇಳಿದ್ದನ್ನು ನಂಬಿ ಹೋಗಬೇಡಿ, ಹೊರಡುವ ಹಿಂದಿನ ರಾತ್ರಿ ಒಮ್ಮೆ ಓದಿಕೊಳ್ಳಿ.

ಹೆಸರು ಬರೆಯಲು ಹಿಂಜರಿಯುವವರನ್ನೂ ಕಂಡಿದ್ದೇನೆ. ವೀಸಾದ ಮೇಲೆ ಇದ್ದೇವೆ, ಕೆರೆಯಲ್ಲಿ ಯಾಕೆ ಸುಮ್ಮನೆ ಹೆಸರು ವಿಳಾಸ ಹಾಕಬೇಕು ಎನ್ನುತ್ತಾರೆ. ಅಲ್ಲ ಸ್ವಾಮಿ, ಈ ನಿಯಮ ನೋಡಿಕೊಳ್ಳುವ ಗೇಮ್ ವಾರ್ಡನ್ ಬಂದಾಗ ತೊಂದರೆಯಾಗುವುದು ಹೆಸರಿದ್ದವರಿಗಲ್ಲ, ಇಲ್ಲದವರಿಗೆ. ವಿಳಾಸ ಬೇಡವೆಂದರೆ ಗ್ರಾಹಕ ಸಂಖ್ಯೆ ಬರೆದರೂ ಸಾಕೆಂದು ನಿಯಮವೇ ಹೇಳುತ್ತದೆ. ನಾನು ಹಳೆಯ ಶ್ಯಾಂಪೂ ಬಾಟಲಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಳಿಸದ ಮಾರ್ಕರಿನಲ್ಲಿ ಬರೆದು, ಕೇಬಲ್ ಟೈ ಹಾಕಿ ಬಿಗಿಯುತ್ತೇನೆ. ಜೊತೆಗೆ ಒಂದರಿಂದ ಹತ್ತರವರೆಗೆ ನಂಬರು. ಬಿಡುವಾಗ ಮಗಳು ನಂಬರು ಕೂಗುತ್ತಾಳೆ, ಎತ್ತುವಾಗಲೂ ಅವಳೇ ಕೂಗಬೇಕು. ಹತ್ತು ಆಗುವ ತನಕ ದೋಣಿ ದಡಕ್ಕೆ ಬರುವಂತಿಲ್ಲ. (ಓಡುವ ಸಣ್ಣ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಬೇಕೆಂದು ಇಲ್ಲಿನ ಕಾನೂನು. ಸೆಖೆ ಎಂದು ಅಳುತ್ತವೆ, ಬಿಚ್ಚಬೇಡಿ.)

ಗಾಳಿ ಗಂಟೆಗೆ 15 ಮೈಲಿ ದಾಟುತ್ತದೆಂದು ಫೋನು ಹೇಳಿದರೆ ನಾನು ಬಿಡುವುದೇ ಇಲ್ಲ. ಹತ್ತು ಹೆಚ್ಚಾಯಿತು, ಹುಡುಕಲಾಗುವುದಿಲ್ಲ ಅನ್ನಿಸಿದರೆ ಐದೇ ಬಿಡಿ. ಬಿಟ್ಟು ಮನೆಗೆ ಹೋಗಿ ಊಟ ಮಾಡಿ ಬರುವ ಅಭ್ಯಾಸ ಬೇಡ, ಕಣ್ಣಳತೆಯಲ್ಲೇ ಇರಿ. ಬೇರೆಯವರ ಟ್ಯಾಗ್ ಇರುವುದು ಎದ್ದು ನಿಂತಿದ್ದರೂ ಮುಟ್ಟಬೇಡಿ, ಅದು ಅವರ ಮೀನು. ಟ್ಯಾಗೇ ಇಲ್ಲದ್ದು, ತಾರೀಖು ಮುಗಿದದ್ದು ಕಂಡರೆ ಜಾಗ ಗುರುತಿಟ್ಟುಕೊಂಡು ಗೇಮ್ ವಾರ್ಡನ್‌ಗೆ ತಿಳಿಸಿ.

ಮನೆಗೆ ತಂದ ಮೇಲೆ ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಮಾಡುವುದಿಲ್ಲ: ಒಣಗಿಸುವುದು. ಜೀಬ್ರಾ ಮಸಲ್ ಎಂಬ ಉಗುರುಗಾತ್ರದ ಪಟ್ಟೆ ಚಿಪ್ಪು ಟೆಕ್ಸಾಸ್‌ನಲ್ಲಿ ಮೊದಲು ಕಂಡದ್ದು 2009ರಲ್ಲಿ, ಟೆಕ್ಸೋಮದಲ್ಲಿ. 2012ಕ್ಕೆ ರೇ ರಾಬರ್ಟ್ಸ್, 2013ಕ್ಕೆ ಲೂಯಿಸ್‌ವಿಲ್ ಕೆರೆ. ಕರಾವಳಿಯವರು ಪಚ್ಚಿಲೆಯೆಂದು ಆಸೆಪಡಬೇಡಿ, ಇದು ತಿನ್ನುವ ವಸ್ತುವಲ್ಲ, ಪೈಪಿನೊಳಗೆ ಪದರ ಪದರವಾಗಿ ಕಟ್ಟಿಕೊಳ್ಳುವ ಪೀಡೆ. ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಎರೆಯ ಬಕೆಟ್ಟಿನ ನೀರಿನಲ್ಲಿ, ಒದ್ದೆ ಹಗ್ಗದಲ್ಲಿ ಕೂತು ಮುಂದಿನ ಕೆರೆಗೆ ಬರುತ್ತದೆ.

ಕೆರೆಗೆ ಬಂದರೆ ನಮಗೇನು ಅನ್ನುವವರು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ. ಪ್ಲೇನೊ, ಫ್ರಿಸ್ಕೊ, ಅಲೆನ್, ಮೆಕಿನ್ನಿಗೆ ನೀರು ಕೊಡುವುದು ವೈಲಿ ಊರಿನಲ್ಲಿರುವ ನಾರ್ತ್ ಟೆಕ್ಸಾಸ್ ಮುನಿಸಿಪಲ್ ವಾಟರ್ ಡಿಸ್ಟ್ರಿಕ್ಟ್, ಅದರ ಮೊದಲ ಕೆರೆಯೇ ಲವಾನ್. ಟೆಕ್ಸೋಮದಿಂದಲೂ ನೀರೆತ್ತಿ ಲವಾನ್ ಕಡೆಗೆ ಹರಿಸುತ್ತಿದ್ದರು. ಆ ಚಿಪ್ಪು ಕಂಡ ಮೇಲೆ 2009ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ನೀರು ಶುದ್ಧೀಕರಣ ಘಟಕಕ್ಕೆ ನೇರ ಮುಟ್ಟುವಂತೆ ಹೊಸ ಪೈಪ್‌ಲೈನ್ ಹಾಕಿ ಮತ್ತೆ ಶುರುಮಾಡಲು 2014 ಆಯಿತು. ಆ ನಡುವೆ ಬರವೂ ಬಂದು, ಅಂಗಳದ ಹುಲ್ಲಿಗೆ ನೀರು ಬಿಡಲು ದಿನ ಗೊತ್ತುಮಾಡಿದ್ದು ಹಳಬರಿಗೆ ನೆನಪಿರಬೇಕು. ಹುಲ್ಲು ಒಣಗಿತೆಂದು ಬೈದುಕೊಂಡವರಲ್ಲಿ ನಾನೂ ಒಬ್ಬ, ಅದಕ್ಕೆ ಒಂದು ಚಿಪ್ಪೂ ಕಾರಣವೆಂದು ಆಗ ತಿಳಿದಿರಲಿಲ್ಲ.

ಆದ್ದರಿಂದ ರ‍್ಯಾಂಪ್ ಬಿಡುವ ಮುಂಚೆ ದೋಣಿಯ ನೀರು, ಬಕೆಟ್ಟಿನ ನೀರು ಪೂರ್ತಿ ಬಸಿಯಿರಿ, ಅದು ಕಾನೂನೂ ಹೌದು. ದಾರ ಬಿಚ್ಚಿ, ಕಲ್ಲು ಸಮೇತ ಬೇಲಿಯ ಮೇಲೆ ಹರವಿ. ಬೇರೆ ಕೆರೆಗೆ ಹೋಗುವುದಿದ್ದರೆ ವಾರವಾದರೂ ಒಣಗಲಿ. ನೋಡಲು ಅಂದವಿರುವುದಿಲ್ಲ, ಅಕ್ಕಪಕ್ಕದವರು ಕೇಳುತ್ತಾರೆ. ಕೇಳಿದರೆ ಹೇಳಿ. ಫೋಮ್ ಸೀಳಿದ್ದು ಕಂಡರೆ ಅದನ್ನು ಇನ್ನೊಮ್ಮೆ ನೀರಿಗೆ ಹಾಕಬೇಡಿ, ಕೊಕ್ಕೆ ದಾರ ಬಿಚ್ಚಿಕೊಂಡು ಕಸಕ್ಕೆ ಹಾಕಿ.

ಕಡೆಯದಾಗಿ ನನ್ನ ಸ್ವಂತದ್ದೊಂದು ಕೋರಿಕೆ. ಕಳೆದ ಮೂರರಲ್ಲಿ ಎರಡು ಕಡೆಗೂ ಸಿಕ್ಕವು, ಒಂದು ಅಣೆಕಟ್ಟಿನ ಕಲ್ಲುಗಳ ಸಂದಿಯಲ್ಲಿ, ಇನ್ನೊಂದು ಮರದ ಬೊಡ್ಡೆಯಲ್ಲಿ. ಮೂರನೆಯದು ಇನ್ನೂ ನೀರಿನಲ್ಲಿದೆ. ಗಿಣಿಹಸಿರು, ಗೇಣಿಗಿಂತ ತುಸು ಉದ್ದ, ಒಂದು ತುದಿಯಲ್ಲಿ ಮಗಳು ಅಂಟಿಸಿದ ಆನೆಯ ಸ್ಟಿಕರು ಇದೆ ಅಥವಾ ಇತ್ತು. ಮೂರು ಕೊಕ್ಕೆ. ಹೆಸರಿಲ್ಲ. ಕಂಡರೆ ವಾರ್ಡನ್‌ಗೆ ಹೇಳಿ ಎತ್ತಿಸಿಬಿಡಿ. ಎತ್ತುವಾಗ ದಾರ ಮೆಲ್ಲಗೆ ಎಳೆಯಿರಿ, ಕೆಳಗೆ ಏನಿರುತ್ತದೋ.