ಮಿತಿ ಇರಲಿ ಗಂಟೆಯಲ್ಲಿ, ಮೈಲಿಯಲ್ಲಲ್ಲ

ಅಕ್ಟೋಬರ್ ಬಂತೆಂದರೆ ಕೆನಡಾದಿಂದ, ಅಮೆರಿಕದ ಉತ್ತರದ ರಾಜ್ಯಗಳಿಂದ ನಿವೃತ್ತರ ದಂಡು ದಕ್ಷಿಣಕ್ಕೆ ಹೊರಡುತ್ತದೆ. ಹಿಮ ಬೀಳುವ ಮೊದಲೇ ಫ್ಲೋರಿಡಾ, ಅರಿಜೋನಾ, ಟೆಕ್ಸಸ್ ಸೇರಿಕೊಂಡು, ಚಳಿ ಕಳೆದ ಮೇಲೆ ಊರಿಗೆ ಮರಳುವ ಇವರಿಗೆ ಅಲ್ಲಿ ‘ಸ್ನೋಬರ್ಡ್‌’ಗಳೆಂದೇ ಹೆಸರು. ಇವರಲ್ಲಿ ಹಲವರ ಪ್ರಯಾಣ ಮೋಟಾರ್‌ಹೋಮ್‌ನಲ್ಲಿ. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ ಈ ವಾಹನ, ದೊಡ್ಡದಾದರೆ ನಮ್ಮ ಸಾರಿಗೆ ಬಸ್ಸಿನಷ್ಟೇ ಉದ್ದ. ದಶಕಗಳ ಹಿಂದೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗ ವೈದ್ಯರು, ಎಂಜಿನಿಯರುಗಳ ತಲೆಮಾರೂ ಈಗ ನಿವೃತ್ತಿಯ ವಯಸ್ಸಿಗೆ ಬಂದಿದೆ. ಹಾಗಾಗಿ ಎಪ್ಪತ್ತರ ಆಸುಪಾಸಿನವರು ಇಂಥ ಗಾಡಿಯನ್ನು ದಿನಕ್ಕೆ ಎಷ್ಟು ಓಡಿಸಬೇಕು ಎಂಬ ಪ್ರಶ್ನೆ ನಮಗೆ ತೀರ ಹೊರಗಿನದಲ್ಲ.

ಕಾನೂನು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಮೆರಿಕದಲ್ಲಿ ಸರಕು ಸಾಗಿಸುವ ಲಾರಿ ಚಾಲಕ ಹತ್ತು ಗಂಟೆ ಬಿಡುವು ಪಡೆದ ಮೇಲೆ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಯುರೋಪಿನಲ್ಲಿ ಸಾಮಾನ್ಯ ಮಿತಿ ಒಂಬತ್ತು ಗಂಟೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷದ ವಿರಾಮ ಕಡ್ಡಾಯ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ಗೆರೆ ಎಳೆದಿತ್ತು. ಈ ಗೆರೆಗಳೆಲ್ಲ ಸಂಬಳಕ್ಕೆ ಓಡಿಸುವವರಿಗೆ ಮಾತ್ರ. ಸ್ವಂತ ಮೋಟಾರ್‌ಹೋಮ್ ಓಡಿಸುವವರಿಗೆ ಗಂಟೆಯ ಲೆಕ್ಕವೇ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 26,000 ಪೌಂಡ್, ಅಂದರೆ ಸುಮಾರು 11,800 ಕಿಲೋ ತೂಕದವರೆಗಿನ ಮೋಟಾರ್‌ಹೋಮ್‌ಗೆ ಕಾರಿನ ಲೈಸೆನ್ಸೇ ಸಾಕು. ತರಬೇತಿ ಪಡೆದ ಮೂವತ್ತರ ಚಾಲಕನಿಗೆ ಲಗಾಮು ಹಾಕಿದ ಸರ್ಕಾರಗಳು ಎಪ್ಪತ್ತೆರಡರ ಹಿರಿಯರನ್ನು ಅವರ ವಿವೇಕಕ್ಕೇ ಬಿಟ್ಟಿವೆ. ಬಿಡಲಿ, ವಿಹಾರಕ್ಕೂ ಪೊಲೀಸರು ಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಆ ವಿವೇಕವನ್ನು ಬಳಸುವುದು ಯಾವಾಗ ಎಂಬುದು ಮುಖ್ಯ.

‘ಸಾಕೆನಿಸಿದಾಗ ನಿಲ್ಲಿಸಿದರಾಯಿತು’ ಎನ್ನುವವರೇ ಹೆಚ್ಚು. ತೊಡಕಿರುವುದೂ ಅಲ್ಲೇ. ದಣಿವನ್ನು ಅಳೆಯಬೇಕಾದ ಮಿದುಳೇ ದಣಿದಿರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನು ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆಯೋ ನಾಲ್ಕು ಗಂಟೆಯೋ ಮಾತ್ರ ಮಲಗಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಅವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಆದರೆ ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದರೆ, ಸ್ವಲ್ಪ ಮಾತ್ರ ಎಂಬಂತೆ ಅವರು ಅಂಕ ಕೊಡುತ್ತಿದ್ದರು. ಅವರೆಲ್ಲ ಪ್ರಾಯದವರು. ದಿನಕ್ಕೊಂದು ಹೊಸ ಜಾಗದಲ್ಲಿ, ಪಕ್ಕದ ಗಾಡಿಯ ಜನರೇಟರ್ ಸದ್ದಿನ ನಡುವೆ ಮಲಗಿ ಎದ್ದ ಹಿರಿಯರು ‘ನನಗೇನೂ ಆಗಿಲ್ಲ, ಇನ್ನೊಂದು ನೂರು ಮೈಲಿ ಹೋಗೋಣ’ ಎಂದರೆ ಆ ಮಾತನ್ನು ಎಷ್ಟು ನಂಬಬಹುದು? ಆದ್ದರಿಂದ ಮಿತಿಯನ್ನು ಹೊರಡುವ ಮೊದಲೇ, ತಲೆ ತಿಳಿಯಾಗಿರುವಾಗಲೇ ಹಾಕಿಕೊಳ್ಳಬೇಕು. ದಾರಿಯಲ್ಲಿ ಅದನ್ನು ಪಾಲಿಸುವುದಷ್ಟೇ ಕೆಲಸ, ಚರ್ಚೆಗೆ ಎಡೆಯಿಲ್ಲ.

ಆ ಮಿತಿ ಯಾವ ಅಳತೆಯದು? ಅಮೆರಿಕದ ಮೋಟಾರ್‌ಹೋಮ್ ಪ್ರಯಾಣಿಕರ ನಡುವೆ ‘ಮೂರು-ಮೂರು-ಮೂರು’ ಎಂಬ ಸೂತ್ರ ಬಳಕೆಯಲ್ಲಿದೆ: ದಿನಕ್ಕೆ 300 ಮೈಲಿ ಮೀರಬೇಡಿ, ಮಧ್ಯಾಹ್ನ ಮೂರಕ್ಕೆ ತಂಗುದಾಣ ಸೇರಿ, ಸೇರಿದಲ್ಲಿ ಮೂರು ರಾತ್ರಿ ಇರಿ. ಕೊನೆಯ ಎರಡು ಮಾತು ಬಂಗಾರದಂಥವು. ಮೊದಲನೆಯದಕ್ಕೆ ತಿದ್ದುಪಡಿ ಬೇಕು. ಎಲ್ಲ ಮೈಲಿಯೂ ಒಂದೇ ಅಲ್ಲ. ಫ್ಲೋರಿಡಾದ ಸಮತಟ್ಟು ಹೆದ್ದಾರಿಯ 300 ಮೈಲಿಗೂ ರಾಕಿ ಪರ್ವತದ ಏರಿಳಿತದ 300 ಮೈಲಿಗೂ ಅಜಗಜಾಂತರ. ವಯೋಮಿಂಗ್‌ನಲ್ಲಿ ಅಡ್ಡಗಾಳಿ ಜೋರಾದರೆ 80ನೇ ಅಂತರರಾಜ್ಯ ಹೆದ್ದಾರಿಯನ್ನು ತೂಕ ಕಡಿಮೆಯಿರುವ ಎತ್ತರದ ವಾಹನಗಳಿಗೆ ಮುಚ್ಚುವುದೂ ಉಂಟು. ಮುಚ್ಚದ ದಿನಗಳಲ್ಲಿ ಗೋಡೆಯಂಥ ಮೈಯ ಗಾಡಿಯನ್ನು ನೇರ ಹಿಡಿಯಲು ತೋಳು ಸೋಲುತ್ತದೆ. ಫೋನಿನ ನಕ್ಷೆ ಐದು ಗಂಟೆ ಎಂದು ತೋರಿಸುವುದು ಕಾರಿನ ಲೆಕ್ಕ. ಮೋಟಾರ್‌ಹೋಮ್‌ಗೆ ಅದೇ ದಾರಿ ಆರು, ಏಳು ಗಂಟೆ ಹಿಡಿದೀತು. ದೇಹಕ್ಕೆ ಗೊತ್ತಾಗುವುದು ಮೈಲಿಯಲ್ಲ, ಕೂತ ಹೊತ್ತು. ನಾಲ್ಕು ಗಂಟೆಗೂ ಮೀರಿ ಕೂತಲ್ಲೇ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅದು ವಿಮಾನಕ್ಕಷ್ಟೇ ಅಲ್ಲ, ಬಸ್ಸು, ಕಾರಿಗೂ ಅನ್ವಯಿಸುವ ಮಾತು.

ಇನ್ನು ಮಧ್ಯಾಹ್ನ ಮೂರರೊಳಗೆ ಏಕೆ ನಿಲ್ಲಬೇಕು? ಮಧ್ಯಾಹ್ನದ ಊಟದ ನಂತರ ದೇಹದ ಗಡಿಯಾರವೇ ಮಂಕಾಗುತ್ತದೆ. ತೂಕಡಿಕೆಯ ಅಪಘಾತಗಳು ಹೆಚ್ಚುವ ಹೊತ್ತುಗಳಲ್ಲಿ ನಡುರಾತ್ರಿಯ ಜೊತೆಗೆ ಇಳಿಹೊತ್ತೂ ಸೇರಿದೆ. ಅದಕ್ಕಿಂತ ಹೆಚ್ಚಾಗಿ, ತಂಗುದಾಣದ ಗೇಟು ದಾಟಿದ ಮಾತ್ರಕ್ಕೆ ದಿನದ ಕೆಲಸ ಮುಗಿಯುವುದಿಲ್ಲ. ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡುತ್ತಿರಬೇಕು, ಇನ್ನೊಬ್ಬರು ಕನ್ನಡಿ ನೋಡುತ್ತ ಹತ್ತಾರು ಅಡಿ ಉದ್ದದ ಗಾಡಿಯನ್ನು ಎರಡು ಮರಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ ತೂರಿಸಬೇಕು. ಬಾಗಿದ ಕೊಂಬೆ ಚಾವಣಿಯ ಎಸಿಗೆ ತಾಗದಂತೆ ಕಾಯಬೇಕು. ಆಮೇಲೆ ಜ್ಯಾಕ್ ಇಳಿಸಿ ಗಾಡಿಯನ್ನು ಸಮಮಟ್ಟಕ್ಕೆ ತರುವುದು, ಕರೆಂಟಿನ ದಪ್ಪ ಕೇಬಲ್, ನೀರಿನ ಪೈಪು, ಕೊಳಚೆಯ ಕೊಳವೆ ಜೋಡಿಸುವುದು. ಇಷ್ಟನ್ನೂ ಕತ್ತಲಲ್ಲಿ, ಟಾರ್ಚ್ ಹಿಡಿದು, ಬಗ್ಗಿದ ಬೆನ್ನು ಹಿಡಿದುಕೊಂಡಿರುವಾಗ ಮಾಡುವುದನ್ನು ಊಹಿಸಿಕೊಳ್ಳಿ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು. ಎದುರು ವಾಹನದ ದೀಪ ಕುಕ್ಕಿದರೆ ಸುಧಾರಿಸಿಕೊಳ್ಳಲು ಸಮಯವೂ ಹೆಚ್ಚು ಬೇಕು.

ಆಕ್ಷೇಪಗಳೂ ಇವೆ. ‘ಹಿರಿಯರೇ ಎಚ್ಚರದ ಚಾಲಕರು, ವಯಸ್ಸಿನ ಮೇಲೆ ಗೂಬೆ ಕೂರಿಸಬೇಡಿ’ ಎಂಬುದು ಮೊದಲನೆಯದು. ಅದರಲ್ಲಿ ಸತ್ಯವಿದೆ. ಅವರು ಕುಡಿದು ಓಡಿಸುವುದು ಕಡಿಮೆ, ವೇಗವೂ ಕಡಿಮೆ. ಆದರೂ ಓಡಿಸಿದ ಪ್ರತಿ ಮೈಲಿಯ ಲೆಕ್ಕದಲ್ಲಿ ಮಾರಣಾಂತಿಕ ಅಪಘಾತಗಳು ಎಪ್ಪತ್ತರ ಆಚೆ ಏರುತ್ತ ಹೋಗುತ್ತವೆ. ಪೆಟ್ಟು ತಾಳಿಕೊಳ್ಳುವ ಶಕ್ತಿ ದೇಹಕ್ಕೆ ಕುಗ್ಗಿರುವುದು ಇದಕ್ಕೊಂದು ದೊಡ್ಡ ಕಾರಣ. ಎಚ್ಚರವೇ ಅವರ ಬಲವಾದರೆ, ಗಂಟೆಯ ಮಿತಿ ಆ ಎಚ್ಚರದ್ದೇ ಇನ್ನೊಂದು ರೂಪ. ಎರಡನೆಯದು, ‘ಗಂಡ ಹೆಂಡತಿ ಇಬ್ಬರೂ ಓಡಿಸುತ್ತೇವೆ, ಹಾಗಾಗಿ ಇಮ್ಮಡಿ ದೂರ ಹೋಗಬಹುದು’ ಎಂಬುದು. ಸರದಿ ಒಳ್ಳೆಯದೇ. ಆದರೆ ಪಕ್ಕದಲ್ಲಿ ಬೆಲ್ಟ್ ಹಾಕಿ ಕೂತವರಿಗೆ ಸಿಗುವುದು ಅರೆಬರೆ ವಿಶ್ರಾಂತಿ, ಓಡುವ ಗಾಡಿಯ ಹಾಸಿಗೆಯಲ್ಲಿ ಮಲಗುವುದು ಅಪಾಯ. ಹೆಚ್ಚೆಂದರೆ ಒಂದು ಗಂಟೆ ಸೇರಿಸಿಕೊಳ್ಳಬಹುದು, ಇಮ್ಮಡಿ ಮಾಡಲಾಗದು. ಮೂರನೆಯದು ಸಮಯದ್ದು. ಟೊರಾಂಟೊದಿಂದ ಒರ್ಲಾಂಡೊಗೆ ಸುಮಾರು 2,000 ಕಿಲೋಮೀಟರ್. ಹಟ ಹಿಡಿದರೆ ಎರಡು ದಿನದಲ್ಲಿ ಮುಗಿಸಬಹುದು. ದಿನಕ್ಕೆ 400 ಕಿಲೋಮೀಟರಿನಂತೆ ಐದು ದಿನ, ನಡುವೆ ಎರಡು ದಿನ ವಿಶ್ರಾಂತಿ ಎಂದರೆ ಏಳು. ಐದಾರು ತಿಂಗಳು ಇರಲೆಂದು ಹೊರಟವರಿಗೆ ಐದು ದಿನ ಯಾವ ನಷ್ಟ? ತಂಗುದಾಣದ ಬುಕಿಂಗ್ ತಪ್ಪಿದರೆ ಒಂದಿಷ್ಟು ಡಾಲರ್ ಹೋದೀತು, ಅಷ್ಟೇ.

ನನ್ನ ಲೆಕ್ಕ ಇಷ್ಟು. ಅರವತ್ತೈದು ದಾಟಿದವರಿಗೆ ಚಕ್ರ ಉರುಳುವ ಹೊತ್ತು ದಿನಕ್ಕೆ ಐದು ಗಂಟೆ, ಎಪ್ಪತ್ತೈದು ದಾಟಿದವರಿಗೆ ನಾಲ್ಕು. ಎರಡು ಗಂಟೆಗೊಮ್ಮೆ ಇಳಿದು ಹತ್ತು ಹದಿನೈದು ನಿಮಿಷ ನಡೆದಾಟ. ಮಧ್ಯಾಹ್ನ ಮೂರಕ್ಕೆ ನಿಲುಗಡೆ. ಸತತ ಎರಡು ದಿನ ಓಡಿಸಿದರೆ ಮೂರನೆಯ ದಿನ ಗಾಡಿಗೆ ರಜೆ. ಮಂಪರು ತರುವ ಶೀತ, ಅಲರ್ಜಿ ಮಾತ್ರೆ ನುಂಗಿದ ದಿನ ಸ್ಟೀರಿಂಗ್ ಮುಟ್ಟಲೇಬಾರದು. ಬೆಂಗಳೂರಿನಿಂದ ವಿಮಾನ ಹತ್ತಿ ಮಕ್ಕಳ ಮನೆಗೆ ಹೋಗಿ, ಬಾಡಿಗೆಯ ಮೋಟಾರ್‌ಹೋಮ್‌ನಲ್ಲಿ ಎಲ್ಲೋಸ್ಟೋನ್ ನೋಡಲು ಹೊರಡುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇದು ಇನ್ನೂ ಬಿಗಿಯಾಗಬೇಕು. ಅಲ್ಲಿ ರಸ್ತೆಯ ಬಲಬದಿ ಹಿಡಿಯಬೇಕು, ಹಗಲು ರಾತ್ರಿ ಅದಲುಬದಲಾದ ನಿದ್ದೆ ಇನ್ನೂ ಸರಿಹೋಗಿರುವುದಿಲ್ಲ. ಮೊದಲ ವಾರ ಸ್ಟೀರಿಂಗ್ ಮಕ್ಕಳ ಕೈಯಲ್ಲೇ ಇರಲಿ. ಈ ಮಿತಿಗಳನ್ನು ಹೊರಡುವ ಹಿಂದಿನ ದಿನ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಗಂಟೆ ಮೂರಾಯಿತು ಎಂದು ಪಕ್ಕದಲ್ಲಿ ಕೂತವರು ಹೇಳಿದರೆ, ಓಡಿಸುವವರು ಮರುಮಾತಿಲ್ಲದೆ ಮುಂದಿನ ತಂಗುದಾಣಕ್ಕೆ ತಿರುಗಿಸಲಿ. ಮನೆ ಜೊತೆಯಲ್ಲೇ ಇದೆ; ಮನೆ ಸೇರುವ ಅವಸರ ಯಾರಿಗೂ ಇಲ್ಲ.