ಎಷ್ಟು ಕೆಲಸ ಅಂತ ಕೇಳಬ್ಯಾಡ್ರಿ, ಯಾರ ರಿಜಿಸ್ಟರ್‌ನಾಗ ಅಂತ ಕೇಳ್ರಿ

ಫ್ಯಾಕ್ಟರಿ ದಿನಗಳು | ಭಾಗ 3

"ಫ್ಯಾಕ್ಟರಿ ಬಂದ್ರ ನಮ್ಮ ಹುಡುಗರಿಗೆ ಕೆಲಸ ಸಿಗ್ತೈತಿ." ಯಲಬುರ್ಗಾ ಬಸ್ ಸ್ಟ್ಯಾಂಡಿನಾಗ ನಿಂತ್ರ ಈ ಮಾತು ಕಿವಿಗೆ ಬಿದ್ದೇ ಬೀಳ್ತದ. 2021ರ ಜನವರಿಯಲ್ಲಿ ಭಾನಾಪುರದ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಹಾಕಿದಾಗ 40,000 ಉದ್ಯೋಗ ಅಂದ್ರು. 2025ರ ಫೆಬ್ರವರಿಯಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು, ದೊಡ್ಡ ಉಕ್ಕಿನ ಕಾರ್ಖಾನೆ ಬ್ಯಾಡ ಅಂತ ಕೊಪ್ಪಳದ ಜನ ಬೀದಿಗಿಳಿದಾಗಲೂ ಕಾರ್ಖಾನೆ ಬೇಕು ಅನ್ನೋರ ಉತ್ತರ ಇದೇ: ಉದ್ಯೋಗ.

ಧೂಳಿನ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. ನಾನು ಈ "ಉದ್ಯೋಗ" ಅನ್ನೋ ಶಬ್ದದ ಬಗ್ಗೆ ಬರೀತೀನಿ.

ಪಿಯುಸಿ ಮುಗಿದ ಮ್ಯಾಲೆ ಎಂಟು ವಾರ ಒಂದು ದೊಡ್ಡ ಕಾರ್ಖಾನೆಯೊಳಗ ಕೆಲಸ ಮಾಡೀನಿ. ಹೆಸರು ಬ್ಯಾಡ. ಬೆಲ್ಟ್‌ನಿಂದ ಉದುರಿದ ಅದಿರಿನ ಪುಡಿ ಸಲಿಕಿಲೆ ಎತ್ತಿ ಹಾಕೋದು. ಕಂಪನಿಯವರ ಹೆಲ್ಮೆಟ್ ಒಂದು ಬಣ್ಣ, ನಮ್ಮದು ಬ್ಯಾರೆ. ಗೇಟ್ ಪಾಸ್ ಮ್ಯಾಲೆ ಗುತ್ತಿಗೆದಾರನ ಹೆಸರು. ಪಗಾರ ಚೀಟಿ ಒಮ್ಮೆಯೂ ಕೈಗೆ ಬರಲಿಲ್ಲ.

ಈಗ ಬಿ.ಕಾಂ. ಓದಾಕತ್ತೀನಿ, ಅದಕ್ಕ ಲೆಕ್ಕ ಹಾಕಿ ತೋರಿಸ್ತೀನಿ. ದಿನಕ್ಕ 12 ತಾಸು, ವಾರಕ್ಕ 6 ದಿನ, ಒಟ್ಟು 72 ತಾಸು. ತಾಸಿಗೆ 60 ರೂಪಾಯಿ. ವಾರಕ್ಕೆ 48 ತಾಸು ದಾಟಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ನಿಯಮ. ನಮ್ಮ ಹೆಚ್ಚುವರಿ 24 ತಾಸಿಗೆ 2,880 ರೂಪಾಯಿ ಬರಬೇಕಿತ್ತು, ಬಂದಿದ್ದು 1,440. ಎಂಟು ವಾರಕ್ಕ 11,520 ರೂಪಾಯಿ ಖೋತಾ. ಇದು ಒಬ್ಬನ ಲೆಕ್ಕ. ನಮ್ಮ ಗುಂಪಿನಾಗ 22 ಜನ ಇದ್ವಿ.

ಇನ್ನೊಂದು ಕೇಳ್ರಿ. ಗುತ್ತಿಗೆ ಕಾರ್ಮಿಕನ ದುಡಿಮೆ ಕಂಪನಿಗೆ ಬರೋದು "ಮ್ಯಾನ್‌ಪವರ್ ಸಪ್ಲೈ" ಅನ್ನೋ ಬಿಲ್ ಆಗಿ. ಅದರ ಮ್ಯಾಲೆ 18% ಜಿಎಸ್‌ಟಿ. ಅಂದ್ರ ಲೆಕ್ಕದ ಪುಸ್ತಕದಾಗ ನಾವು ಕಂಪನಿಯ ನೌಕರರಲ್ಲ, ಕಂಪನಿ ಕೊಂಡುಕೊಂಡ ಸೇವೆ. ಜೆಸಿಬಿ ಬಾಡಿಗೆ ಇದ್ದಂಗ. ಆದ್ರ ಭಾಷಣದಾಗ ಮಾತ್ರ ನಾವು "ಸೃಷ್ಟಿಯಾದ ಉದ್ಯೋಗ"!

ನನ್ನ ಜೋಡಿ ಇದ್ದ ಕಾಕಾನ ಬೆರಳು ರೋಲರ್‌ನಾಗ ಸಿಕ್ಕು ಜಜ್ಜಿತು. ಇಎಸ್‌ಐ ನಂಬರ್ ಕೇಳಿದ್ರ ಅವರ ಹೆಸರಲ್ಲಿ ನಂಬರೇ ಇಲ್ಲ. ಗುತ್ತಿಗೆದಾರ "ಕಂಪನಿಯವರನ್ನ ಕೇಳ್ರಿ" ಅಂದ. ಕಂಪನಿಯವರು "ನಿಮ್ಮ ಗುತ್ತಿಗೆದಾರನ್ನ ಕೇಳ್ರಿ" ಅಂದ್ರು. ದವಾಖಾನೆ ಬಿಲ್ ಕಟ್ಟಿದ್ದು ಕಾಕಾನ ಮಗಳ ಕಿವಿಯೋಲೆ.

"ಗುಳೆ ಹೋಗೋದಕ್ಕಿಂತ ಚಲೋ ಅಲ್ಲೇನಪಾ?" ಅಂತೀರಿ. ಮಂಗಳೂರು, ಗೋವಾಕ್ಕ ಹೋದವರು ಮೇಸ್ತ್ರಿ ಕೈಯಾಗ ಇರ್ತಾರ. ಊರ ಹತ್ರನೂ ಮೇಸ್ತ್ರಿ ಕೈಯಾಗೇ ಇರೋದಾದ್ರ ಉಳಿದಿದ್ದು ಬಸ್ ಚಾರ್ಜ್ ಅಷ್ಟೇ.

ನಾನು ಫ್ಯಾಕ್ಟರಿ ವಿರೋಧಿ ಅಲ್ಲ. ಮಳಿ ನಂಬಿದ ಎರಿ ಹೊಲ ಎಲ್ಲರ ಹೊಟ್ಟಿ ತುಂಬಿಸಲ್ಲ ಅಂತ ನನಗೂ ಗೊತ್ತು. ಆದ್ರ ಗುತ್ತಿಗೆದಾರ ಕೂಲಿ ಕೊಡದಿದ್ರೆ ಮುಖ್ಯ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬರೆದಿದ್ದರು. ಅರ್ಧ ಶತಮಾನ ದಾಟಿದ ಮಾತು. ಗೇಟಿನ ಒಳಗ ಅದನ್ನ ನಮಗ ಯಾರೂ ಹೇಳಲಿಲ್ಲ.

ಅದಕ್ಕ ನೀವು ಹೇಳ್ರಿ. ನಿಮ್ಮ ತಮ್ಮ, ಮಾವ, ಗೆಳೆಯ ಕೆಲಸಕ್ಕೆ ಹೋಗ್ತಿದ್ರ ಮೂರು ಕೇಳೋಕೆ ಹೇಳ್ರಿ: ಪಗಾರ ಚೀಟಿ, 12 ಅಂಕಿಯ ಪಿಎಫ್ ಯುಎಎನ್ ನಂಬರ್, ಇಎಸ್‌ಐ ನಂಬರ್. ಹಾಜರಿ ದಿನಾ ತಾವೇ ಒಂದು ನೋಟ್‌ಬುಕ್‌ನಾಗ ಬರ್ಕೊಳ್ಲಿ. ಮುಂದಿನ ಸಲ ವೇದಿಕೆ ಮ್ಯಾಲೆ ಯಾರಾದ್ರೂ "ಸಾವಿರಾರು ಉದ್ಯೋಗ" ಅಂದ್ರ ಚಪ್ಪಾಳಿ ಆಮೇಲೆ ಹೊಡೀರಿ. ಮೊದಲು ಕೇಳ್ರಿ: ಯಾರ ರಿಜಿಸ್ಟರ್‌ನಾಗ ರೀ?

ಇದನ್ನ ಸೇವ್ ಮಾಡ್ಕೊಳ್ರಿ, ಶಿಫ್ಟಿಗೆ ಹೋಗೋರಿಗೆ ಕಳಸ್ರಿ.

#ಯಲಬುರ್ಗಾ #ಕೊಪ್ಪಳ #ಗುತ್ತಿಗೆಕಾರ್ಮಿಕರು #ಫ್ಯಾಕ್ಟರಿದಿನಗಳು