ಹೆಬ್ಬಾಗಿಲು ದಾಟದ ಪೊಟ್ಟಣಗಳು

ವಿದ್ಯಾರ್ಥಿಯೊಬ್ಬ ಮನೆಯ ಗಣಕದಲ್ಲೇ ಪುಟ್ಟ ವೆಬ್ ಸರ್ವರ್ ಬರೆದು, ಅದೇ ಗಣಕದ ಬ್ರೌಸರ್‌ನಿಂದ ತೆರೆಯುತ್ತಾನೆ. ಪುಟ ಬರುತ್ತದೆ. ನಡುವೆ ಓಡಾಡಿದ ಮಾಹಿತಿಯನ್ನು ನೋಡೋಣವೆಂದು ವೈರ್‌ಶಾರ್ಕ್ ತಂತ್ರಾಂಶದಲ್ಲಿ ವೈ-ಫೈ ಆರಿಸಿ ಕಾದರೆ ಬೇರೆಲ್ಲ ಕಾಣುತ್ತದೆ, ತನ್ನದೊಂದೇ ಕಾಣದು!

ವೈರ್‌ಶಾರ್ಕ್ ಕಾವಲು ಕೂತಿದ್ದು ಹೆಬ್ಬಾಗಿಲಲ್ಲಿ, ಅಂದರೆ ನೆಟ್‌ವರ್ಕ್ ಕಾರ್ಡಿನಲ್ಲಿ. ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ತಟ್ಟೆ ಹೆಬ್ಬಾಗಿಲನ್ನೇಕೆ ದಾಟೀತು? 127.0.0.1 ವಿಳಾಸಕ್ಕೆ ಕಳಿಸಿದ್ದನ್ನು ಕಾರ್ಯಾಚರಣ ವ್ಯವಸ್ಥೆ ಒಳಗಿಂದೊಳಗೇ ಹಿಂದಿರುಗಿಸುತ್ತದೆ. ಇದೇ ಲೂಪ್‌ಬ್ಯಾಕ್. (ಐಪಿ ನಾಲ್ಕನೇ ಆವೃತ್ತಿಯಲ್ಲಿ 127ರಿಂದ ಆರಂಭವಾಗುವ 1,67,77,216 ವಿಳಾಸಗಳೂ ಇದಕ್ಕೇ ಮೀಸಲು. ವಿಳಾಸಗಳಿಗೆ ಬರ ಬಂದಿರುವಾಗ ಇದು ದುಂದುಗಾರಿಕೆಯೇ ಸರಿ.)

ಲಿನಕ್ಸ್‌ನಲ್ಲಿ 'ಎಲ್‌ಒ' ಎಂಬುದನ್ನು ಆರಿಸಿದರೆ ಸಾಕು. ವಿಂಡೋಸ್‌ನಲ್ಲಿ ಎನ್‌ಪಿಕ್ಯಾಪ್ ಒದಗಿಸುವ ಲೂಪ್‌ಬ್ಯಾಕ್ ಅಡಾಪ್ಟರ್ ಬೇಕು. ಆಗ ಮೊದಲು ಮೂರು ಪೊಟ್ಟಣಗಳು: ಬ್ರೌಸರಿನ 'ಸಿನ್', ಸರ್ವರಿನ 'ಸಿನ್-ಆಕ್', ಮತ್ತೆ ಬ್ರೌಸರಿನ 'ಆಕ್'. ಮಾತಿಗೆ ಮುಂಚಿನ ಕೈಕುಲುಕು. ವಿದ್ಯಾರ್ಥಿ ಬೆಚ್ಚುವುದು ಆಮೇಲೆ. ತನ್ನದೇ ಲಾಗಿನ್ ಪುಟದಲ್ಲಿ ಬರೆದ ಪಾಸ್‌ವರ್ಡ್ ಅಕ್ಷರಶಃ ಓದಲು ಸಿಗುತ್ತದೆ! ಪರದೆಯ ಮೇಲಿನ ಚುಕ್ಕಿಗಳು ಪಕ್ಕದಲ್ಲಿ ನಿಂತವರ ಕಣ್ಣಿಗಷ್ಟೇ. ಎಚ್‌ಟಿಟಿಪಿ ಏನನ್ನೂ ಮುಚ್ಚಿಡದು. ಪುಟವನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿ ಮತ್ತೆ ಹಿಡಿದರೆ ಅಲ್ಲಿ ತಲೆಬುಡ ತಿಳಿಯದ ಅಕ್ಷರಗಳ ರಾಶಿ.

ಮಗ ಕನ್ನ ಹಾಕುವ ವಿದ್ಯೆ ಕಲಿಯುತ್ತಿದ್ದಾನೆಂದು ಪೋಷಕರು ಗಾಬರಿಯಾಗಬೇಕಿಲ್ಲ. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಈಥೀರಿಯಲ್ ಹೆಸರಿನಲ್ಲಿ ಹೊರತಂದ, 2006ರಲ್ಲಿ ಹೆಸರು ಬದಲಿಸಿಕೊಂಡ ಈ ಉಚಿತ ತಂತ್ರಾಂಶ ಜಾಲ ನಿರ್ವಾಹಕರ ನಿತ್ಯದ ಸಲಕರಣೆ. ಸ್ವಂತ ಗಣಕದ ಲೂಪ್‌ಬ್ಯಾಕ್‌ನಲ್ಲಿ ಅಕ್ಕಪಕ್ಕದ ಗಣಕಗಳ ಮಾತು ಬೀಳುವುದೇ ಇಲ್ಲ. ಕಾಲೇಜು, ಹಾಸ್ಟೆಲುಗಳ ಜಾಲದಲ್ಲಿ ಮಾತ್ರ ಅನುಮತಿಯಿಲ್ಲದೆ ಇದನ್ನು ಹಚ್ಚುವಂತಿಲ್ಲ.